ಮೂರು ಸಲ ಸೋಸಿದ ಜಿಡ್ಡು

ನವೆಂಬರ್ 3, ಸೋಮವಾರ

ಬೆರಳುಗಳು ಒಡೆದಿವೆ. ಪೆನ್ನು ಹಿಡಿದರೆ ಉರಿ. ಇವತ್ತಿಗೆ ಇಷ್ಟು ಸಾಕು.

ನವೆಂಬರ್ 4, ಮಂಗಳವಾರ

ಚರ್ಮದ ಡಾಕ್ಟರು ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಶಾಂಪೂ, ಹೇರ್ ಡೈ, ನೀರು ಎಲ್ಲ ಬಿಡಬೇಕಂತೆ.

"ಪಾರ್ಲರಿನಲ್ಲಿ ಕೆಲಸ ಮಾಡೋಳು ಡಾಕ್ಟ್ರೇ. ಅದೆಲ್ಲ ಬಿಟ್ರೆ ನನಗೆ ಉಳಿಯೋದು ಕತ್ತರಿ ಒಂದೇ" ಅಂದೆ.

"ಕತ್ತರಿ ಹಿಡಿಯೋಕೆ ಆಗುತ್ತಾ?"

ಆಗುವುದಿಲ್ಲ. ಹೆಬ್ಬೆರಳುದ್ದದ ಡಬ್ಬಿಯ ಮುಲಾಮು ಬರೆದುಕೊಟ್ಟು ಕಳಿಸಿದರು.

ಪಾರ್ಲರಿನ ಯಜಮಾನಿಗೆ ಫೋನ್ ಮಾಡಿದೆ. "ತಿಂಗಳ ಕೊನೆವರೆಗೆ ಕಾಯ್ತೀನಿ. ಆಮೇಲೆ ಕಿಟಕಿ ಪಕ್ಕದ ಕುರ್ಚಿಗೆ ಬೇರೆಯವರನ್ನ ನೋಡ್ಕೋಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ" ಅಂದರು. ಅದು ನನ್ನ ಕುರ್ಚಿ. ಹನ್ನೊಂದು ವರ್ಷದಿಂದ ಅದರ ಹಿಂದೆ ನಿಂತಿದ್ದೇನೆ. ಬೇಜಾರಾಗದೆ ಇನ್ನೇನಾಗುತ್ತದೆ?

ಕೈ ಉರಿಯುತ್ತಿದೆ, ನಿಲ್ಲಿಸುತ್ತೇನೆ.

ನವೆಂಬರ್ 7, ಶುಕ್ರವಾರ

ಅತ್ತೆ ಬಂದರು. ಭಾವನ ಮನೆಯ ನೆಲ ಕಿತ್ತು ಹೊಸ ಟೈಲ್ಸ್ ಹಾಕಿಸುತ್ತಿದ್ದಾರಂತೆ, ಅದು ಮುಗಿಯುವವರೆಗೆ ಇಲ್ಲಿ. ನಾನು ಮನೆಯಲ್ಲಿ ಬಿದ್ದಿರುವ ತಿಂಗಳನ್ನೇ ಹುಡುಕಿ ನೆಲ ಕಿತ್ತರು.

ಸಾಮಾನು: ಬಟ್ಟೆಯದು ಒಂದು ಚೀಲ, ಉಣ್ಣೆಯದು ಎರಡು ಗೋಣಿ. ಕುರಿಯ ಮೈಯಿಂದ ಕತ್ತರಿಸಿ ಹಾಗೇ ತುಂಬಿದ ಉಣ್ಣೆ. ತೊಳೆದಿಲ್ಲ, ಬಾಚಿಲ್ಲ. ಒದ್ದೆ ನಾಯಿ ಸೋಫಾದ ಮೇಲೆ ಮಲಗಿ ಎದ್ದು ಹೋದ ವಾಸನೆ.

ಯಾವಾಗ ಹೋಗುತ್ತಾರೆಂದು ಇವರನ್ನು ಕೇಳಿದೆ. "ಈಗ ತಾನೇ ಚಪ್ಪಲಿ ಬಿಟ್ಟಿದ್ದಾರೆ ಕಣೇ" ಅಂದರು.

ನವೆಂಬರ್ 9, ಭಾನುವಾರ

ಅತ್ತೆ ಮಿಲ್ಲಿನಲ್ಲಿ ಉಣ್ಣೆ ಆರಿಸುವ ಕೆಲಸ ಮಾಡಿದವರು. ಈಗ ಮಿಲ್ಲಿಲ್ಲದಿದ್ದರೂ ಕೈ ಸುಮ್ಮನಿರುವುದಿಲ್ಲ. ಮುಂದಿನ ಕೋಣೆಯಲ್ಲಿ ಕೂತು ಆ ಕೊಳಕು ಉಣ್ಣೆಯನ್ನು ಹಾಗೇ ನೂಲುತ್ತಾರೆ. ಜಿಡ್ಡಿದ್ದರೇ ಎಳೆ ಸಲೀಸಾಗಿ ಬರುತ್ತದಂತೆ. ಬಾಗಿಲ ಹಿಡಿ ಜಿಡ್ಡು, ಟೀವಿ ರಿಮೋಟ್ ಜಿಡ್ಡು.

ಬೆಳಗ್ಗೆ ನನ್ನ ಕೈ ನೋಡಿ, "ಬಾ, ಜೊತೆಗೆ ಕೂತು ಉಣ್ಣೆ ಬಿಡಿಸು. ಈ ಜಿಡ್ಡಿಗಿಂತ ಒಳ್ಳೆ ಔಷಧಿ ಇಲ್ಲ" ಅಂದರು.

"ಡಾಕ್ಟ್ರು ಮುಲಾಮು ಕೊಟ್ಟಿದ್ದಾರೆ ಅತ್ತೆ" ಅಂದೆ, ಜೇನು ಸುರಿಯುವ ದನಿಯಲ್ಲಿ.

ಇವರ ಕೆಲಸ ಲಿಫ್ಟ್ ರಿಪೇರಿ. ನಾವಿಬ್ಬರೂ ಮಾತಾಡುವಾಗ ಎರಡು ಮಹಡಿಯ ನಡುವೆ ಸಿಕ್ಕಿಬಿದ್ದವರ ಮುಖ ಮಾಡಿಕೊಂಡು ತಟ್ಟೆ ನೋಡುತ್ತಾರೆ.

ನವೆಂಬರ್ 12, ಬುಧವಾರ

ಏನೋ ಮಾಡಲು ಹೋಗಿ ಏನೋ ಆಯಿತು.

ಅತ್ತೆ ಮೇಲಿನ ಮನೆಯ ಅಜ್ಜಿಯ ಹತ್ತಿರ ಮಾತಿಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಒಂದು ಗೋಣಿಯನ್ನಾದರೂ ಶುದ್ಧ ಮಾಡಿಟ್ಟರೆ ವಾಸನೆಯೂ ಹೋಗುತ್ತದೆ, ಸೊಸೆ ಒಳ್ಳೆಯವಳು ಅಂತಲೂ ಆಗುತ್ತದೆ ಅಂದುಕೊಂಡೆ. ಕೈಗವಸು ಹಾಕಿಕೊಂಡೆ. ಕೊಳಕು ತಲೆಯ ಗಿರಾಕಿ ಬಂದರೆ ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಬಿಸಿನೀರು, ಪಾರ್ಲರಿನ ಒಳ್ಳೆಯ ಶಾಂಪೂ ಎರಡು ಸಲ, ಬುಡಕ್ಕೆ ಬೆರಳಿಟ್ಟು ಗಸಗಸ ತಿಕ್ಕಿದೆ. ಕಂಡಿಷನರ್ ಹಾಕಿದೆ. ತಣ್ಣೀರಲ್ಲಿ ಜಾಲಿಸಿ ಡ್ರೈಯರ್ ಹಿಡಿದೆ.

ಒಂದು ಗೋಣಿ ಉಣ್ಣೆ ಬಚ್ಚಲ ಕಾಲೊರಸಿನಷ್ಟಾಯಿತು. ಒಂದೆಳೆಯನ್ನೂ ಬಿಡಿಸಲು ಬರುವುದಿಲ್ಲ. ಎಲ್ಲ ಒಂದಕ್ಕೊಂದು ಹೆಣೆದುಕೊಂಡು, ಬಡಿದು ಮಾಡಿದ ಹಲಗೆಯ ಹಾಗೆ ಗಟ್ಟಿ.

ಅತ್ತೆ ಬಂದು ಬಚ್ಚಲ ಬಾಗಿಲಲ್ಲಿ ನಿಂತರು.

"ತಿಕ್ಕಿದೆಯಾ?"

"ತಿಕ್ಕಿದೆ."

"ಬಿಸಿನೀರಲ್ಲಿ?"

"ಹೂಂ."

ಅದನ್ನೆತ್ತಿ ಮೂಗಿಗೆ ಹಿಡಿದರು. "ವಾಸನೆ ಮಾತ್ರ ಚೆನ್ನಾಗಿದೆ" ಅಂದು ಒಳಗೆ ಹೋದರು. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ.

ನವೆಂಬರ್ 13, ಗುರುವಾರ

ಅದು ಭಾವನಿಗೆ ಸ್ವೆಟರ್ ಆಗಬೇಕಿದ್ದ ಉಣ್ಣೆಯಂತೆ. ಇವರು ಹೇಳಿದರು. ರಾತ್ರಿ ಊಟ ಸೇರಲಿಲ್ಲ.

ನವೆಂಬರ್ 14, ಶುಕ್ರವಾರ

ಬೆಳಗ್ಗೆ ಎದ್ದು ಕಾಲಿಟ್ಟರೆ ಚಪ್ಪಲಿ ಬಿಗಿಯಾಗಿದೆ. ಒಳಗೆ ಬೆಚ್ಚಗಿನ ಮೆತ್ತೆ. ಅತ್ತೆ ನನ್ನ ಉಣ್ಣೆ ಹಲಗೆಯನ್ನು ಪಾದದ ಅಳತೆಗೆ ಕತ್ತರಿಸಿ, ಮನೆಯಲ್ಲಿ ಹಾಕುವ ಚಪ್ಪಲಿಯೊಳಗೆ ಕೂರಿಸಿದ್ದರು.

"ದಿನವಿಡೀ ನಿಂತು ಕೆಲಸ ಮಾಡೋಳು ನೀನು. ಹಿಮ್ಮಡಿಗೆ ಹಿತವಾಗಿರುತ್ತೆ" ಅಂದರು.

"ಭಾವನ ಸ್ವೆಟರು..."

"ಅವನಿಗೆ ಮೂರಿವೆ. ಒಂದನ್ನೂ ಹಾಕಲ್ಲ. ಚುಚ್ಚುತ್ತಂತೆ ಸಾಹೇಬ್ರಿಗೆ."

ಅದನ್ನು ಹೇಳುವಾಗ ಅವರ ಗಲ್ಲ ಅದುರುತ್ತಿತ್ತು. ಅಳುತ್ತಿದ್ದಾರೆಂದುಕೊಂಡೆ. ನೋಡಿದರೆ ನಗು ತಡೆದುಕೊಳ್ಳುತ್ತಿದ್ದಾರೆ. "ಕಂಡಿಷನರ್ ಬೇರೆ ಹಾಕಿದ್ದಾಳೆ! ಕುರಿಗೆ!" ಅಂದವರೇ ಗೋಡೆ ಹಿಡಿದುಕೊಂಡು ನಕ್ಕರು. ಎರಡು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ನಗು ಅದು. ನನಗೂ ತಡೆಯಲಾಗಲಿಲ್ಲ.

ನವೆಂಬರ್ 16, ಭಾನುವಾರ

ಉಳಿದ ಗೋಣಿಯಿಂದ ಜಿಡ್ಡು ತೆಗೆದದ್ದು ಇವತ್ತು. ನಮ್ಮ ದೊಡ್ಡ ಪಾತ್ರೆಯಲ್ಲಿ ನೀರು, ಒಂದು ಹಿಡಿ ಉಪ್ಪು, ಉಣ್ಣೆ. ಸಣ್ಣ ಉರಿ. ಕೈಯಾಡಿಸುವ ಹಾಗಿಲ್ಲ, ಆಡಿಸಿದರೆ ನನ್ನ ಗೋಣಿಯ ಗತಿಯೇ. ಕಿಟಕಿಗಳನ್ನೆಲ್ಲ ತೆಗೆದರೂ ಕೆಳಗಿನ ಮನೆಯವರು ಬಂದು "ಏನಾದ್ರೂ ಸತ್ತಿದೆಯಾ?" ಎಂದು ಕೇಳಿ ಹೋದರು. "ಇಲ್ಲ, ಸೊಸೆಗೆ ಮುಲಾಮು" ಅಂದರು ಅತ್ತೆ.

ಉಣ್ಣೆ ಎತ್ತಿ ನೀರನ್ನು ಆರಲು ಬಿಟ್ಟರೆ ಮೇಲೆ ಹಳದಿ ಕೆನೆ ಕಟ್ಟಿತು. ಅದನ್ನು ತೆಗೆದು, ಶುದ್ಧ ನೀರಿನಲ್ಲಿ ಮತ್ತೆ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಹೀಗೇ ಮೂರು ಸಲ. ಕೊನೆಗೆ ಉಳಿದದ್ದು ಒಂದು ಸಣ್ಣ ಡಬ್ಬಿ, ಬೆಣ್ಣೆಯ ಬಣ್ಣ. ನಾನು ಮೂಗು ಮುರಿದೆ. ಅತ್ತೆ ನನ್ನ ಡಾಕ್ಟರ ಮುಲಾಮಿನ ಮುಚ್ಚಳ ತೆಗೆದು ಮೂಸಿ ನೋಡಿದರು. ಮತ್ತೆ ಮೂಸಿದರು. ಮುಖ ಅರಳಿತು.

"ಏ, ಇದು ನಮ್ಮ ಕುರಿ!"

"ಅತ್ತೆ, ಅದು ಮೆಡಿಕಲ್ ಸ್ಟೋರಿಂದು."

"ಸೆಂಟು ಹಾಕ್ಕೊಂಡು ಬಂದಿದೆ ಅಷ್ಟೇ. ಕುರಿ ಕುರೀನೇ."

ಮುದುಕಿಯ ಹಠ ಅಂದುಕೊಂಡೆ.

ನವೆಂಬರ್ 18, ಮಂಗಳವಾರ

ಡಾಕ್ಟರ ಹತ್ತಿರ ಹೋಗಿದ್ದೆ. ನಾನೂ ಬರುತ್ತೇನೆಂದು ಅತ್ತೆ ಹೊರಟರು, ಡಬ್ಬಿ ಸೆರಗಿನ ಮರೆಯಲ್ಲಿ. ಡಾಕ್ಟರು ಮುಚ್ಚಳ ತೆಗೆದರು, ಮೂಸಿದರು. "ಲ್ಯಾನೋಲಿನ್. ಉಣ್ಣೆಯ ಜಿಡ್ಡು. ನಾನು ಬರೆದುಕೊಟ್ಟ ಮುಲಾಮಿನಲ್ಲೂ ಇದೇ ಇದೆ" ಅಂದರು. ಅತ್ತೆ ನನ್ನ ಕಡೆ ನೋಡಲಿಲ್ಲ. ಸೀಲಿಂಗ್ ಫ್ಯಾನ್ ನೋಡುತ್ತಾ ಕೂತರು. ಅದು ಬೇರೆ ಸಹಿಸಬೇಕಾಯಿತು.

ಆದರೆ ಡಾಕ್ಟರು ಅಲ್ಲಿಗೇ ಬಿಡಲಿಲ್ಲ. "ಮನೆಯಲ್ಲಿ ಮಾಡಿದ್ದು ಅಷ್ಟು ಶುದ್ಧ ಇರಲ್ಲಮ್ಮಾ. ಕೆಲವರ ಮೈಗೆ ಇದೇ ಆಗಿಬರಲ್ಲ, ಕೆರೆತ ಬರುತ್ತೆ. ಬಿರುಕಿಗೆ ನನ್ನ ಮುಲಾಮೇ ಹಚ್ಚಿ. ನಿಮ್ಮದನ್ನ ಮೊದಲು ಮೊಣಕೈ ಒಳಗೆ ಒಂದು ಚುಕ್ಕೆ ಇಟ್ಟು ನೋಡಿ. ಕೆಂಪಾಗದಿದ್ರೆ ಬಿರುಕಿಲ್ಲದ ಕಡೆ ಹಚ್ಚಬಹುದು." ಈಗ ಫ್ಯಾನ್ ನೋಡುವ ಸರದಿ ನನ್ನದು.

ದಾರಿಯುದ್ದಕ್ಕೂ ಇಬ್ಬರೂ "ಗೆದ್ದವಳು ನಾನೇ" ಅಂದುಕೊಂಡೇ ಬಂದೆವು.

ನವೆಂಬರ್ 21, ಶುಕ್ರವಾರ

ಮೊಣಕೈ ಕೆಂಪಾಗಲಿಲ್ಲ, ಡಾಕ್ಟರ ಮುಲಾಮಿಗೆ ಬಿರುಕುಗಳೂ ಕೂಡಿಕೊಳ್ಳುತ್ತಿವೆ. ಅತ್ತೆ ಊಟವಾದ ಮೇಲೆ ನನ್ನೆದುರು ಕೂತು ಕೈಗೆ ಹಚ್ಚುತ್ತಾರೆ. ಕಡಲೆ ಕಾಳಿನಷ್ಟು ತೆಗೆದು ತಮ್ಮ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ, ಬಿರುಕು ತಪ್ಪಿಸಿ. ಅವರ ಅಂಗೈ ಮಗುವಿನದರ ಹಾಗಿದೆ. ಅಷ್ಟು ವರ್ಷ ಗೋಣಿ ಎಳೆದವರ ಕೈಯೆಂದು ಯಾರೂ ಹೇಳುವುದಿಲ್ಲ. ನಾನು ಹಗಲೆಲ್ಲ ಜನರ ತಲೆ ಮುಟ್ಟುವವಳು. ನನ್ನ ಕೈಯನ್ನು ಯಾರಾದರೂ ಹೀಗೆ ಹಿಡಿದು ಎಷ್ಟು ಕಾಲವಾಯಿತೋ. ಹಚ್ಚುತ್ತಾ ಮಿಲ್ಲಿನ ಕಥೆ ಹೇಳುತ್ತಾರೆ. ಇವತ್ತು ಸೂಪರ್‌ವೈಸರ್ ಉಣ್ಣೆಯ ರಾಶಿಯಲ್ಲಿ ನಿದ್ದೆ ಹೋಗಿ, ಅವನನ್ನೂ ಸೇರಿಸಿ ಮೂಟೆ ಕಟ್ಟಲು ಹೊರಟ ಕಥೆ. ನಂಬುವುದು ಕಷ್ಟ, ಆದರೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ನಾನೂ ಸುಮ್ಮನಿರಲಾಗದೆ ಉಣ್ಣೆ ಬಿಡಿಸಲು ಕೂತೆ. ಅವರು ಬೆರಳಿನಲ್ಲಿ ಎಳೆದೆಳೆದು ಹಿಂಜುತ್ತಿದ್ದರು. ನಾನು ಪಾರ್ಲರಿನ ಸಿಕ್ಕು ಬಿಡಿಸುವ ಬಾಚಣಿಗೆ ತಂದು, ತುದಿಯಿಂದ ಶುರುಮಾಡಿ ಬುಡಕ್ಕೆ ಹೋದೆ. ಎಳೆಗಳು ಬಿಡಿಬಿಡಿಯಾಗಿ ಬಂದವು. ಅತ್ತೆ ತಮ್ಮ ಪಾಲಿನ ರಾಶಿಯನ್ನೂ ಮೆಲ್ಲಗೆ ನನ್ನ ಕಡೆ ತಳ್ಳಿ, "ನೀನೇ ಮಾಡು, ನಂದು ನಿಧಾನ" ಅಂದರು.

ಕುರ್ಚಿಯ ಯೋಚನೆ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಯಾರೋ ಹೊಸ ಹುಡುಗಿ ಪಾರ್ಲರಿಗೆ ಬಂದು ಮಾತಾಡಿಕೊಂಡು ಹೋದಳಂತೆ. ಯಾರಿಗೂ ಹೇಳಬಾರದೆಂದಿದ್ದೆ, ಅತ್ತೆಗೆ ಹೇಳಿಬಿಟ್ಟೆ.

ನವೆಂಬರ್ 25, ಮಂಗಳವಾರ

ಎಲ್ಲಿಂದ ಶುರುಮಾಡಲಿ? ಕೂತು ಪೂರ್ತಿ ಬರೆಯಬೇಕು.

ಮಧ್ಯಾಹ್ನ ಮಲಗಿದ್ದೆ. ಯಜಮಾನಿಯ ಫೋನು. "ನಿಮ್ಮ ಅತ್ತೆ ಇಲ್ಲಿದ್ದಾರೆ. ಈಗಲೇ ಬಾ." ಅಷ್ಟೇ ಹೇಳಿ ಇಟ್ಟರು. ಬಿದ್ದರೋ, ಎಚ್ಚರ ತಪ್ಪಿದರೋ ಎಂದು ಮನೆ ಚಪ್ಪಲಿಯಲ್ಲೇ ಓಡಿದೆ.

ಒಳಗೆ ಹೋದರೆ ಅತ್ತೆ ನನ್ನ ಕಿಟಕಿ ಪಕ್ಕದ ಕುರ್ಚಿಯಲ್ಲಿ, ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದ ಮಗುವಿನ ಮುಖ ಮಾಡಿಕೊಂಡು ಕೂತಿದ್ದಾರೆ. ಪುಣ್ಯ, ಬಿದ್ದಿಲ್ಲ. ಬಿದ್ದದ್ದು ಯಜಮಾನಿಯ ಕೂದಲು. ಯಾವಾಗಲೂ ಗಾಳಿಯಲ್ಲಿ ಎದ್ದು ನಿಲ್ಲುತ್ತಿದ್ದ ಆ ಕೂದಲು ತಲೆಗೆ ಅಂಟು ಹಾಕಿ ಮೆತ್ತಿದ ಹಾಗೆ ಬಿದ್ದಿತ್ತು. ಪಕ್ಕದಲ್ಲಿ ನಮ್ಮ ಡಬ್ಬಿ. ಅರ್ಧ ಖಾಲಿ.

ನಡೆದದ್ದು ಇಷ್ಟು. ಸೊಸೆಯ ಕುರ್ಚಿಯನ್ನು ಇನ್ನೊಬ್ಬರಿಗೆ ಕೊಡಬೇಡಿ ಎಂದು ಕೇಳಿಕೊಳ್ಳಲು ಅತ್ತೆ ಒಬ್ಬರೇ ಬಂದಿದ್ದಾರೆ. ಬರಿಗೈಯಲ್ಲಿ ಬರಬಾರದೆಂದು ಡಬ್ಬಿ ತಂದಿದ್ದಾರೆ. ಯಜಮಾನಿ ಮರ್ಯಾದೆಯಿಂದ ಕೂರಿಸಿ, ಮಾತಿಗೆ ಮಾತು ಬಂದು, ಬಣ್ಣ ಹಚ್ಚಿ ಹಚ್ಚಿ ನನ್ನ ಕೂದಲು ಹುಲ್ಲಾಗಿದೆ ಎಂದು ಅತ್ತುಕೊಂಡಿದ್ದಾರೆ. ಅತ್ತೆಗೆ ಕರುಳು ಚುರುಕ್ಕೆಂದಿದೆ. ಒಂದು ದೊಡ್ಡ ಉಂಡೆ ತೆಗೆದು ನೆತ್ತಿಯಿಂದ ತುದಿಯವರೆಗೆ ಮೆತ್ತಿದ್ದಾರೆ.

"ಕುರಿ ಚಳಿಗಾಲವಿಡೀ ಬಯಲಲ್ಲಿ ನಿಲ್ಲುತ್ತೆ, ಒಂದು ಕೂದಲೂ ಸೀಳಲ್ಲ" ಅಂದರು ಅತ್ತೆ, ನನಗೆ ಮಾತ್ರ ಕೇಳುವ ಹಾಗೆ. "ಅದಕ್ಕೇ..."

"ಐದೂವರೆಗೆ ಸಂಘದ ಸಭೇಲಿ ನಾನು ಮಾತಾಡ್ಬೇಕು" ಅಂದರು ಯಜಮಾನಿ ಕನ್ನಡಿಯೊಳಗಿಂದಲೇ. "ಇಡೀ ಊರಿನ ಪಾರ್ಲರಿನವರು ಬರ್ತಾರೆ. ವಿಷಯ ಏನು ಗೊತ್ತಾ? ಕೂದಲ ಆರೈಕೆ!"

ನನ್ನ ಜೊತೆ ಕೆಲಸ ಮಾಡುವ ಇಬ್ಬರು ಆಗಲೇ ಎರಡು ಸಲ ಶಾಂಪೂ ಹಾಕಿದ್ದರು. ನೀರು ಕೂದಲ ಮೇಲೆ ನಿಲ್ಲದೆ ಮಣಿಮಣಿಯಾಗಿ ಉರುಳುತ್ತಿತ್ತು. ಶಾಂಪೂವಿಗೆ ಇದು ಜಗ್ಗುವುದಿಲ್ಲವೆಂದು ನನಗೆ ಗೊತ್ತು, ಮೊನ್ನೆ ನಮ್ಮ ದೊಡ್ಡ ಪಾತ್ರೆ ತಿಕ್ಕಿ ಸೋತವಳು ನಾನೇ. ಕೊನೆಗೆ ಪಾತ್ರೆಗೆ ಅಡುಗೆ ಎಣ್ಣೆ ಬಳಿದು, ಜಿಡ್ಡೆಲ್ಲ ಅದರಲ್ಲಿ ಕರಗಿದ ಮೇಲೆ ಸೋಪಿನಲ್ಲಿ ತೊಳೆದಿದ್ದೆ. ಎದುರಿನ ಅಂಗಡಿಯಿಂದ ಎಣ್ಣೆಯ ಪ್ಯಾಕೆಟ್, ಪಾತ್ರೆ ತೊಳೆಯುವ ಸೋಪು ತರಿಸಿದೆ.

"ನನ್ನ ತಲೆಗೆ ಪಾತ್ರೆ ಸೋಪಾ?"

"ಮೇಡಂ, ಸುಮ್ನೆ ಕಣ್ಣು ಮುಚ್ಚಿ."

ಬೆಚ್ಚಗಿನ ಎಣ್ಣೆ ಹಚ್ಚಿ ಬೆರಳಿನಲ್ಲೇ ಬಿಡಿಸುತ್ತಾ ಹೋದೆ. ಕೈಗವಸು ಜಾರುತ್ತಿತ್ತು, ಕಿತ್ತು ಬಿಸಾಡಿದೆ. ಸೋಪು, ನೀರು, ಮತ್ತೆ ಎಣ್ಣೆ, ಮತ್ತೆ ಸೋಪು. ಎಷ್ಟು ಸಲವೋ ಲೆಕ್ಕವಿಲ್ಲ. ಅತ್ತೆ ಪಕ್ಕದಲ್ಲಿ ಟವೆಲ್ ಹಿಡಿದು ನಿಂತು ಒಂದಾದ ಮೇಲೊಂದು ಕೊಡುತ್ತಿದ್ದರು. ಕೊನೆಗೆ ನಿಜವಾದ ಶಾಂಪೂ, ಕಂಡಿಷನರ್. ಸೀಳಿದ ತುದಿಗಳನ್ನು ಕತ್ತರಿಸಿ, ಒಣಗಿಸಿ, ಬಾಚಿದೆ.

ಕೂದಲು ಮಿನುಗಿತು. ಆಣೆಗೂ. ಯಜಮಾನಿ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದರು. ಬೈಯುವುದೋ ಹೊಗಳುವುದೋ ಗೊತ್ತಾಗದೆ ಕೈಚೀಲ ಹುಡುಕಿದರು. ಬಾಗಿಲ ಹತ್ತಿರ ನಿಂತು, "ಸೋಮವಾರ ಸರಿಯಾದ ಹೊತ್ತಿಗೆ ಬಾ. ಕುರ್ಚಿ ನಿಂದೇ" ಅಂದರು. ಆಮೇಲೆ ಅತ್ತೆಯ ಕಡೆ ತಿರುಗಿ, "ಆ ಡಬ್ಬಿ ಇಲ್ಲೇ ಇಟ್ಟು ಹೋಗಿ. ಕೈಗೆ ಮಾತ್ರ!"

ದಾರಿಯಲ್ಲಿ ಅತ್ತೆಯ ಕಣ್ಣಲ್ಲಿ ನೀರು. "ನಿನ್ನ ಕೆಲಸ ಉಳಿಸೋಕೆ ಹೋಗಿ ಮುಳುಗಿಸ್ತಿದ್ದೆನಲ್ಲೇ" ಅಂದರು. ಅವರ ತೋಳು ಹಿಡಿದುಕೊಂಡೆ. ನನ್ನ ಪರವಾಗಿ ಮಾತಾಡಲು ಯಾರೂ ಯಾವತ್ತೂ ಹೀಗೆ ಹೊರಟವರಿಲ್ಲ ಎಂದು ಹೇಳಬೇಕೆನಿಸಿತು. ಬಾಯಿಗೆ ಬಂದದ್ದು ಬೇರೆ. "ಕಂಡಿಷನರ್ ಹಾಕೋದು ಮರೀಲಿಲ್ಲ ನಾನು, ನೋಡಿದ್ರಾ?" ಅಂದೆ. ನಡುರಸ್ತೆಯಲ್ಲಿ ನಿಂತು ನಕ್ಕೆವು.

ಇವರಿಗೆ ಎಲ್ಲ ಹೇಳಿದೆವು. "ಅವತ್ತು ನೀನು ಉಣ್ಣೇನ ತಲೆಕೂದಲು ಅಂದ್ಕೊಂಡೆ. ಇವತ್ತು ಅಮ್ಮ ತಲೆಕೂದಲನ್ನ ಉಣ್ಣೆ ಅಂದ್ಕೊಂಡ್ರು. ಇಬ್ರಿಗೂ ಸರಿಹೋಯ್ತು" ಅಂದರು. ಇಬ್ಬರೂ ಒಟ್ಟಿಗೆ ಅವರ ಮೇಲೆ ಬಿದ್ದೆವು. ಮತ್ತೆ ತಟ್ಟೆ ನೋಡಲು ಶುರುಮಾಡಿದರು, ಪಾಪ.

ಬೆನ್ನು ನೋಯುತ್ತಿದೆ. ಅಷ್ಟು ಹೊತ್ತು ಬಗ್ಗಿ ಅಭ್ಯಾಸ ತಪ್ಪಿದೆ.

ನವೆಂಬರ್ 30, ಭಾನುವಾರ

ಭಾವನ ಮನೆಯ ನೆಲ ಮುಗಿಯಿತಂತೆ. ಇಷ್ಟು ಬೇಗ! ಕೆಲಸದವರು ಅವಸರದಲ್ಲಿ ಏನು ಮಾಡಿದ್ದಾರೋ, ಎರಡು ದಿನ ಒಣಗಲು ಬಿಡಬಾರದೇ? ಇವರಿಗೆ ಹೇಳಿದೆ. "ಟೈಲ್ಸ್ ಕಣೇ, ಹಪ್ಪಳ ಅಲ್ಲ" ಅಂದರು.

ಅತ್ತೆಯನ್ನು ಬಸ್ಸು ಹತ್ತಿಸಿ ಬಂದೆವು. ಎರಡು ಖಾಲಿ ಗೋಣಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡರು. ಕಿಟಕಿಯಿಂದ ಕೈ ಚಾಚಿ ನನ್ನ ಕೈ ಹಿಡಿದು, ಮುಂದೆ ಹಿಂದೆ ತಿರುಗಿಸಿ ನೋಡಿದರು.

ಡಿಸೆಂಬರ್ 1, ಸೋಮವಾರ

ಕೆಲಸಕ್ಕೆ ಹೋದೆ. ಗಿರಾಕಿಗಳು ಸಾಲಾಗಿ ಕಾದಿದ್ದರು. ಅತ್ತೆ ಮಾಡಿದ ಮೆತ್ತೆಯನ್ನು ಶೂಗೆ ಬದಲಾಯಿಸಿಕೊಂಡಿದ್ದೆ, ಸಂಜೆಯವರೆಗೂ ಹಿಮ್ಮಡಿ ಸೊಲ್ಲೆತ್ತಲಿಲ್ಲ. ತಲೆ ತೊಳೆಸಿಕೊಳ್ಳಲು ಬಂದ ಟೀಚರ್ ಒಬ್ಬರು, "ನಿಮ್ಮ ಕೈ ಎಷ್ಟು ಮೆತ್ತಗಿದೆ!" ಅಂದರು. ಅವರಿಗೆ ಪಾಪ ನಿದ್ದೆ ಬಂದಿತ್ತು.

ಮನೆಗೆ ಬಂದರೆ ಏನೂ ವಾಸನೆಯಿಲ್ಲ. ಊದುಬತ್ತಿ ಹಚ್ಚಿದೆ. ಅದೂ ಸರಿಬರಲಿಲ್ಲ, ಆರಿಸಿದೆ.

ಡಿಸೆಂಬರ್ 4, ಗುರುವಾರ

ಮುಂದಿನ ಕೋಣೆಯ ಸೋಫಾದ ಸಂದಿಯಲ್ಲಿ ಒಂದು ಚಿಟಿಕೆ ಉಣ್ಣೆ ಸಿಕ್ಕಿತು. ಬಿಸಾಡಲು ಹೋದವಳು ಮೂಸಿ ನೋಡಿ ಜೇಬಿಗೆ ಹಾಕಿಕೊಂಡೆ. ಇವರು ನೋಡಿದರು. ನೋಡದವರ ಹಾಗೆ ಟೀವಿ ಸದ್ದು ಹೆಚ್ಚಿಸಿದರು.

ಊಟವಾದ ಮೇಲೆ ಪಾತ್ರೆ ತೊಳೆಯುತ್ತಾ, ಫೋನನ್ನು ಕಿಟಕಿಯ ಮೇಲಿಟ್ಟು ಸ್ಪೀಕರಿಗೆ ಹಾಕಿ ಅತ್ತೆಗೆ ಮಾಡಿದೆ. ಭಾವನ ಮನೆಯ ಹೊಸ ನೆಲ ಜಾರುತ್ತದಂತೆ. ಎಲ್ಲರೂ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಮಾತಿಗೆ ಜನವಿಲ್ಲವಂತೆ. ಇಷ್ಟು ಕೇಳಿದ್ದೇ ತಡ, ನನ್ನ ಬಾಯಿಂದ ಯೋಚನೆಗೂ ಮೊದಲೇ ಸುಳ್ಳು ಹೊರಬಿತ್ತು.

"ಅತ್ತೆ, ಕೈ ಮತ್ತೆ ಒಡೀತಿದೆ. ತುಂಬಾ ಉರಿ. ಒಂದ್ಸಲ ಬಂದು ಹೋಗ್ತೀರಾ?"

"ಅದೇನು ಟಣಟಣ ಅಂತಿದೆ?" ಅಂದರು.

"ಪಾತ್ರೆ ತೊಳೀತಿದ್ದೀನಿ."

"ಕೈಗವಸು ಹಾಕ್ಕೊಂಡಿದ್ದೀಯಾ?"

ಕೈ ನೋಡಿಕೊಂಡೆ. ಮೊಣಕೈವರೆಗೂ ನೊರೆ. ಕೈಗವಸು ಮೊಳೆಯಲ್ಲಿ ಒಣಗಿಕೊಂಡು ನೇತಾಡುತ್ತಿದೆ. ಯಾವತ್ತಿನಿಂದ ಹೀಗೆ ತೊಳೆಯುತ್ತಿದ್ದೇನೋ ನನಗೇ ಗೊತ್ತಿಲ್ಲ.

"ಇಲ್ಲ" ಅಂದೆ.

"ಉರೀನಾ?"

ಸಿಕ್ಕಿಬಿದ್ದೆ. ಬೆಪ್ಪುತಕ್ಕಡಿಯ ಹಾಗೆ ನಲ್ಲಿ ತಿರುಗಿಸಿ ನಿಲ್ಲಿಸಿ, "ಇಲ್ಲ ಅತ್ತೆ, ಒಂಚೂರೂ ಇಲ್ಲ" ಅಂದೆ. ಕಣ್ಣಲ್ಲಿ ಯಾಕೋ ನೀರು ಬಂತು. ಸೋಪಿನದಿರಬೇಕು.

ಆ ಕಡೆಯಿಂದ ನಗು ಕೇಳಿಸಿತು. ಗೋಡೆ ಹಿಡಿದುಕೊಂಡು ನಗುವ ನಗು.

"ಅಷ್ಟೊಂದು ಉರೀತಿದ್ರೆ ಬರಲೇಬೇಕು ಬಿಡು. ಭಾನುವಾರ ಎರಡು ಗೋಣಿ ತರ್ತೀನಿ. ದೊಡ್ಡ ಪಾತ್ರೆ ತೊಳೆದಿಟ್ಟಿರು" ಅಂದರು.

ಆಗಲೇ ತೊಳೆದಿಟ್ಟಿದ್ದೇನೆ.